ಒಂದು ಗೇಣು ಎಡಕ್ಕೆ

ಮೊನ್ನೆ ನಮ್ಮಕ್ಕನ ಮಗನ ಹುಟ್ಟುಹಬ್ಬಕ್ಕೆ ಬಲೂನು ಊದುವ ಕೆಲಸ ನನ್ನ ಪಾಲಿಗೆ ಬಿತ್ತು. ಮನೆಯಲ್ಲಿ ಸದಾ ಗಾಳಿ ತುಂಬಿಕೊಂಡಿರುವವನು ನಾನೊಬ್ಬನೇ ಎಂದು ಅಕ್ಕ ಪ್ಯಾಕೆಟ್ಟು ಕೈಗಿಟ್ಟಳು. ಹರಿದ ಕೂಡಲೇ ರಬ್ಬರು ಮತ್ತು ಬಿಳಿ ಪೌಡರು ಕಲಸಿದ ವಾಸನೆ ಮೂಗಿಗೆ ಬಂತು. ಊದುವುದನ್ನು ಮರೆತು ಕೂತುಬಿಟ್ಟೆ... ಅದು ಬಲೂನ್ ಮಾವನ ಅಂಗಿಯ ವಾಸನೆ.

ಕೊಳ್ಳೇಗಾಲದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಸಂತೆಗಳಲ್ಲಿ ಹಲಗೆಗೆ ಸಾಲಾಗಿ ಬಲೂನು ಕಟ್ಟಿ, ಜನರ ಕೈಗೆ ಏರ್‌ಗನ್ನು ಕೊಟ್ಟು ಹೊಡೆಸುವುದು ಅವರ ಕಸುಬು. ಗೆದ್ದವರಿಗೆ ಪ್ಲಾಸ್ಟಿಕ್ ಬಾಚಣಿಗೆ ಬಹುಮಾನ. ಆದರೆ ಗೆಲ್ಲುವವರು ಕಡಿಮೆ, ಯಾಕೆಂದರೆ ಗನ್ನಿನ ತುದಿಯಲ್ಲಿ ಗುರಿ ನೋಡುವ ಮುಳ್ಳನ್ನು ಮಾವನೇ ಬಗ್ಗಿಸಿಟ್ಟಿದ್ದರು. ನೇರ ಹಿಡಿದರೆ ಗುಂಡು ಬಲಕ್ಕೆ ಹೋಗುತ್ತಿತ್ತು. ಒಂದು ಗೇಣು ಎಡಕ್ಕೆ ಹಿಡಿಯಬೇಕು ಎನ್ನುವ ಗುಟ್ಟನ್ನು ನನಗೆ ಪ್ರೀತಿಯಿಂದ ಹೇಳಿಕೊಟ್ಟಿದ್ದರು. ಗುಟ್ಟು ಗೊತ್ತಿದ್ದೂ ಒಂದು ಬಾಚಣಿಗೆಯನ್ನೂ ಗೆಲ್ಲದ ಗಿರಾಕಿ ನಾನೊಬ್ಬನೇ. ನಮ್ಮಪ್ಪ ಮಗ್ಗದ ಮುಂದೆ ಕೂತು ಕಣ್ಣಿಗೆ ಕಾಣದ ರೇಷ್ಮೆ ಎಳೆಗೆ ಗಂಟು ಹಾಕುವವರು. ಅವರ ಮಗನಿಗೆ ಎದುರಿಗಿರುವ ಎಮ್ಮೆಯೂ ಎರಡೆರಡಾಗಿ ಕಾಣುತ್ತಿತ್ತು.

ನಾನು ಡಿಗ್ರಿ ಓದುತ್ತಿದ್ದಾಗ, ಅಂದರೆ ಓದುತ್ತಿದ್ದೇನೆಂದು ಮನೆಯವರು ನಂಬಿದ್ದಾಗ, ಮಾವ ಒಂದು ಭಾನುವಾರ ಶಿಕಾರಿಗೆ ಕರೆದರು. ಹುಲಿ ಇರಬಹುದೆಂದು ಮನೆಯಲ್ಲಿ ಹೇಳದೆ ಹೊರಟೆ. ಲೊಕ್ಕನಹಳ್ಳಿಗೆ ಹೋದ ಮೇಲೆ ತಿಳಿಯಿತು, ಹೊಡೆಯಬೇಕಾದದ್ದು ಇಲಿ, ಹೆಗ್ಗಣ.

ಅದು ಮಾವನ ಅಕ್ಕನ ಕಡಲೆಕಾಯಿ ಹೊಲ. ಅವರನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಕಾಯಿ ಬಲಿಯುವ ಹೊತ್ತಿಗೆ ಬದುವಿನ ತುಂಬ ಬಿಲ, ಬಿಲದ ಬಾಯಲ್ಲಿ ಸಿಪ್ಪೆಯ ಗುಡ್ಡೆ. ಪಕ್ಕದ ಹೊಲದವರು ಪಾಷಾಣ ಇಡಿ ಎಂದು ಹೇಳುತ್ತಲೇ ಇದ್ದರು. ಹಿಂದಿನ ವರ್ಷ ಅವರು ಇಟ್ಟಿದ್ದ ಪಾಷಾಣ ತಿಂದು ಸತ್ತ ಇಲಿಯನ್ನು ದೊಡ್ಡವ್ವನ ನಾಯಿ ತಿಂದು, ಅದೂ ಹೋಗಿತ್ತು. ಆಮೇಲೆ ಮಾವ ಒಂದು ಕರಿ ನಾಯಿಮರಿಯನ್ನು ತಂದುಕೊಟ್ಟಿದ್ದರು. ಕರಿಯ ಎಂದೇ ಅದರ ಹೆಸರು. ಅದು ಬದುವಿನ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ಓಡಾಡುತ್ತಿತ್ತು.

"ಮಾಲಯ ಅಮಾಸೆ ಗಂಟ ನೋಡ್ತೀನಿ ಕಣ್ಲಾ" ಎಂದರು ದೊಡ್ಡವ್ವ. "ಆಮೇಕೆ ಪಾಷಾಣನೇ ಇಕ್ಕದು. ಬೆಳೆನೂ ಬೇಕಲ್ಲ ನಂಗೆ."

ಮಾವ ಮರಿಯನ್ನು ಎತ್ತಿಕೊಂಡರು. "ಬ್ಯಾಡ ಕಣಕ್ಕ. ಇನ್ನೊಂದು ನಾಯಿಗೆ ಗುಂಡಿ ತೋಡಾಕೆ ನನ್ ಕೈಲಾಗಕಿಲ್ಲ. ಅಷ್ಟರೊಳಗೆ ನಾವೇ ಒಡ್ದಾಕ್ತೀವಿ."

ನಾವು ಎಂದಾಗ ನನ್ನ ಕಡೆ ನೋಡಿದರು. ನಾನು ಮೀಸೆ ತಿರುವಿದೆ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಸಂಜೆ ಇಲಿಗಳು ಹೊರಬರುವ ಹೊತ್ತಿಗೆ ಇಬ್ಬರೂ ಬದುವಿನ ಹಿಂದೆ ಬೋರಲು ಮಲಗಿ ಕಾದೆವು. ನೂರಾರು ಜನರ ಮುಂದೆ ಬಲೂನು ಸಿಡಿಸಿದ ಮಾವ ಮೊದಲ ಇಲಿಗೆ ಗುರಿಯಿಟ್ಟರು. ಗುಂಡು ಮಣ್ಣಿಗೆ. ಎರಡನೆಯದಕ್ಕೂ ಮಣ್ಣಿಗೆ. ಮೂರನೆಯ ಇಲಿ ನಿಂತು ಮೀಸೆ ಒರೆಸಿಕೊಂಡು ಹೋಯಿತು. ಜೀವಮಾನವೆಲ್ಲ ಅವರು ಹೊಡೆದದ್ದು ನಿಂತಲ್ಲೇ ನಿಲ್ಲುವ ವಸ್ತುವಿಗೆ. ಗನ್ನು ಕೆಳಗಿಟ್ಟು ಬೇಸರದಿಂದ, "ಬಲೂನು ಓಡಾಕಿಲ್ವಲ್ಲ ಅಳಿಯಾ" ಎಂದರು. ಮುಳ್ಳು ನೆಟ್ಟಗೆ ಮಾಡಿ ಎಂದು ನಾನು ಬುದ್ಧಿ ಹೇಳಿದೆ. ಹಾಗೆ ಮಾಡಿದರೆ ತಮಗೇ ಗುರಿ ಸಿಗುವುದಿಲ್ಲ, ಕೈ ಸೊಟ್ಟಕ್ಕೇ ಪಳಗಿಹೋಗಿದೆ ಎಂದರು.

ಹಾಗಾಗಿ ಎಲ್ಲ ಭಾರ ನನ್ನ ಮೇಲೆ ಬಿತ್ತು. ನನ್ನನ್ನು ತಯಾರು ಮಾಡಲು ಮುಂದಿನ ಭಾನುವಾರ ಬಲೂನು ಕಟ್ಟುವ ಹಲಗೆಯನ್ನೇ ಹೊಲಕ್ಕೆ ತಂದೆವು. ಮಾವನ ಟಿವಿಎಸ್ ಹಿಂದೆ ಅದನ್ನು ಅಡ್ಡಕ್ಕೆ ಹಿಡಿದು ಕೂತಿದ್ದೆ. ಹನೂರು ದಾಟಿದ ಮೇಲೆ ಗಾಳಿ ತುಂಬಿಕೊಂಡು ಗಾಳಿಪಟದ ಹಾಗೆ ನಾನು ಹಾರುವುದೊಂದು ಬಾಕಿ. ಹೊಲದ ನಡುವೆ ಎರಡು ಕಂಬ ನೆಟ್ಟು ಹಲಗೆ ಬಿಗಿದು, ಬಲೂನು ಕಟ್ಟಿ, ಒಂದು ಗೇಣು ಎಡಕ್ಕೆ, ಒಂದು ಗೇಣು ಎಡಕ್ಕೆ ಎಂದು ಮಾವ ಕಿವಿಯ ಹತ್ತಿರ ಜಪ ಮಾಡಿದರು. ನಾನು ಹೊಡೆದ ಮೊದಲ ಗುಂಡಿಗೆ ದೊಡ್ಡವ್ವನ ಪ್ಲಾಸ್ಟಿಕ್ ಬಿಂದಿಗೆ ತೂತಾಯಿತು. ಬಿಂದಿಗೆ ಇದ್ದದ್ದು ನನ್ನ ಬೆನ್ನ ಹಿಂದೆ. ಗುಂಡು ಕಲ್ಲಿಗೆ ಬಡಿದು ಹಿಂದಕ್ಕೆ ಬಂದಿರಬೇಕೆಂದು ಮಾವ ವಾದಿಸಿದರು. ದೊಡ್ಡವ್ವ ಒಪ್ಪಲಿಲ್ಲ. ಅಂದಿನಿಂದ ನಾನು ಗನ್ನು ಮುಟ್ಟಿದರೆ ಕರಿಯ ಮನೆಯೊಳಗೆ ಹೋಗಿ ಒನಕೆಯ ಹಿಂದೆ ಕೂರುತ್ತಿತ್ತು. ಅದರ ಜೀವ ಉಳಿಸಲು ಬಂದವನನ್ನು ಕಂಡರೇ ಅದಕ್ಕೆ ಜೀವಭಯ.

ಹಲಗೆಯನ್ನು ಪ್ರತಿ ವಾರ ಹೊತ್ತು ತರುವುದು ಬೇಡವೆಂದು ಅಲ್ಲೇ ಬಿಟ್ಟೆವು. ಭಾನುವಾರಗಳು ಕಳೆದವು. ಒಂದು ಇಲಿಯೂ ಸಾಯಲಿಲ್ಲ. ಹೊಲಕ್ಕೆ ಬರುವಾಗ ಮಾವನ ಬಾಯಲ್ಲಿ ಹಾಡಿರುತ್ತಿತ್ತು, ವಾಪಸ್ಸು ಹೋಗುವಾಗ ಟಿವಿಎಸ್ಸಿನ ಸದ್ದೊಂದೇ...

ಅಮಾವಾಸ್ಯೆಯ ಹಿಂದಿನ ದಿನ ಹೋದಾಗ ದೊಡ್ಡವ್ವ ಪಾಷಾಣದ ಪೊಟ್ಟಣ ತರಿಸಿಟ್ಟಿದ್ದರು. ಮಾವ ಕರಿಯನಿಗೆ ಹಗ್ಗ ಹುಡುಕಿದರು, ಕೊಳ್ಳೇಗಾಲಕ್ಕೆ ವಾಪಸ್ಸು ಒಯ್ಯಲು. ಯಾವ ಬಿಲದಲ್ಲಿ ಇಲಿ ಇದೆಯೆಂದು ತಿಳಿಯಲು ದೊಡ್ಡವ್ವ ಹಿಂದಿನ ಸಂಜೆಯೇ ಎಲ್ಲ ಬಿಲಗಳ ಬಾಯಿಗೂ ಮಣ್ಣು ಮೆತ್ತಿದ್ದರಂತೆ. ಇಲಿ ಇದ್ದರೆ ಬೆಳಗ್ಗೆ ಮಣ್ಣು ಕಿತ್ತಿರುತ್ತದೆ. ಪೊಟ್ಟಣ ಹಿಡಿದು ಬದುವಿನುದ್ದಕ್ಕೂ ನಡೆದರು, ಹಿಂದೆ ನಾವು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲ ಬಿಲಗಳೂ ಮುಚ್ಚಿದ ಹಾಗೇ ಇದ್ದವು.

ನಾನು ಎದೆ ಉಬ್ಬಿಸಿದೆ. ನಮ್ಮ ಗುಂಡಿನ ಸದ್ದಿಗೆ ಹೆದರಿ ಊರು ಬಿಟ್ಟಿವೆ ಎಂದು ಭಾಷಣವನ್ನೂ ಶುರುಮಾಡಿದೆ. ದೊಡ್ಡವ್ವ ಕೇಳಿಸಿಕೊಳ್ಳದೆ ಹಲಗೆಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದರು. ಹಲಗೆಯ ಮೇಲಂಚು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಕೆಳಗೆ ಕೂದಲು ಮೂಳೆ ಸೇರಿದ ಕಪ್ಪು ಉಂಡೆಗಳು. ಕಾಲಲ್ಲಿ ಒಂದನ್ನು ಒಡೆದರು. ಒಳಗೆ ಇಲಿಯ ಪುಟ್ಟ ತಲೆಬುರುಡೆ, ಹಲ್ಲಿನ ಸಮೇತ.

"ನೀವಿಬ್ರೂ ಸೇರ್ಕಂಡು ಒಡ್ದಿದ್ದು ನನ್ ಬಿಂದ್ಗೆ ಒಂದ್ನೇ" ಎಂದರು. "ಇಲಿ ಒಡ್ದಿದ್ದು ಗೂಬೆ. ನುಂಗಿ ಮೂಳೆ ಕೂದ್ಲ ಉಂಡೆ ಕಟ್ಟಿ ಕಕ್ತದೆ. ದಿನಾ ರಾತ್ರಿ ಇದ್ರ ಮ್ಯಾಲೇ ಕುಂತಿರ್ತದೆ ಅಂತ ಕಾಣ್ತದೆ."

ಮಾವ ಹಗ್ಗ ಕೆಳಗೆ ಹಾಕಿದರು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಕೇಳಿದರು: "ಅದ್ಕೆ ಕುರ್ಚಿ ಆಕ್ಕೊಟ್ಟೋರು ಯಾರಕ್ಕ?"

ಗೂಬೆಯೆಂದರೆ ಅಪಶಕುನ ಎನ್ನುತ್ತಿದ್ದ ದೊಡ್ಡವ್ವ ಅಂದು ಪೊಟ್ಟಣವನ್ನು ಬೇಲಿಯಾಚೆ ಆಳವಾಗಿ ಹೂಳಿಸಿದರು. ಹೂಳುವ ಕೆಲಸ ನನಗೆ ಕೊಟ್ಟರು, ಅದರಲ್ಲಿ ಗುರಿ ತಪ್ಪುವ ಪ್ರಮೇಯವಿಲ್ಲವೆಂದು.

ಹಲಗೆ ಅಲ್ಲೇ ಉಳಿಯಿತು. ಮಾವ ಸಂತೆಗೆ ಆಗಲೇ ಬೇರೆ ಹಲಗೆ ಮಾಡಿಸಿಕೊಂಡಿದ್ದರು. ಹೋದ ವರ್ಷ ಒಂದು ಸಂತೆ ಮುಗಿಸಿ ಬಂದು, ಎದೆ ಹಿಡಿದುಕೊಂಡಿದೆ ಎಂದು ಮಲಗಿದವರು... ಅಷ್ಟೇ.

ಹುಟ್ಟುಹಬ್ಬದಲ್ಲಿ ಉಳಿದ ಬಲೂನುಗಳನ್ನು ಜೇಬಿಗೆ ಹಾಕಿಕೊಂಡು ಈ ಸಲದ ಪಿತೃಪಕ್ಷಕ್ಕೆ ಲೊಕ್ಕನಹಳ್ಳಿಗೆ ಹೋದೆ. ದೊಡ್ಡವ್ವ ತಮ್ಮನಿಗೆ ಎಡೆ ಇಟ್ಟಿದ್ದರು: ಮುದ್ದೆ, ಮಾಂಸದ ಸಾರು, ಒಂದು ಕಟ್ಟು ಬೀಡಿ. ನಾನೊಂದು ಕೆಂಪು ಬಲೂನು ಊದಿ ಪಕ್ಕದಲ್ಲಿಟ್ಟೆ. ಊಟವಾದ ಮೇಲೆ ದೊಡ್ಡವ್ವ ಅದನ್ನು ತಂದು ಹಲಗೆಗೆ ಕಟ್ಟಿ, ಮಾವನ ಗನ್ನು ಕೊಟ್ಟು, ಬಿಂದಿಗೆಯನ್ನು ಒಳಗಿಟ್ಟು ಬಂದರು. ಈಗ ದಪ್ಪಗಾಗಿರುವ ಕರಿಯನೂ ಕಷ್ಟಪಟ್ಟು ಎದ್ದು ಒಳಗೆ ಹೋಯಿತು.

ಒಂದು ಗೇಣು ಎಡಕ್ಕೆ ಹಿಡಿದೆ. ಬಲೂನು ಸಿಡಿಯಿತು.

ಬಾಚಣಿಗೆ ಕೇಳಲು ಪಕ್ಕಕ್ಕೆ ತಿರುಗಿದೆ... ಬದು ಖಾಲಿಯಿತ್ತು. ದೊಡ್ಡವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗನ್ನನ್ನು ಕೈಯಿಂದ ತೆಗೆದುಕೊಂಡರು.

"ಸಾಕು, ನಡಿ ಮೊಗ. ಒತ್ತು ಮುಳುಗ್ತು. ಗೂಬೆ ಬಂದು ಕೂರೋ ಒತ್ತು."