ಮೆಂತ್ಯದ ಉಂಡೆಯೊಳಗೆ ಏನಿತ್ತು

ನನ್ನ ಸೊಸೆ ಬಸುರಿಯಾದಳು ಎಂದು ಬೀದಿಗೆಲ್ಲ ಸಕ್ಕರೆ ಹಂಚಿದವಳು ನಾನೇ. ಆಮೇಲೆ ಬಸುರಿಯಲ್ಲ ಎಂದು ಅದೇ ಬೀದಿಗೆ ಹೇಳಬೇಕಾಗಿ ಬಂದದ್ದೂ ನನಗೇ.

ನಮ್ಮದು ಅರಕಲಗೂಡು ತಾಲ್ಲೂಕು, ಮಲ್ಲಿಪಟ್ಟಣದ ಹತ್ತಿರದ ಊರು. ಮಗ ಕರೆಂಟು ಆಫೀಸಿನಲ್ಲಿ ಲೈನ್‌ಮನ್. ಎರಡು ಸಾವಿರದ ಇಸವಿ ಆಚೀಚೆ ಅವನಿಗೆ ಹಿರೀಸಾವೆಯಿಂದ ಹೆಣ್ಣು ತಂದೆವು. ಹುಡುಗಿ ಪಿಯುಸಿವರೆಗೆ ಓದಿದ್ದಳು, ಕಣ್ಣಿಗೆ ಲಕ್ಷಣವಾಗಿದ್ದಳು, ಎದುರು ಮಾತಾಡುತ್ತಿರಲಿಲ್ಲ. ಆದರೆ ಬೆಳಿಗ್ಗೆ ಎದ್ದರೆ ಅರ್ಧ ಎದ್ದವಳ ಹಾಗೆ. ಸೊಪ್ಪು ಬಿಡಿಸಲು ಕೂತರೆ ತೂಕಡಿಸುವಳು. ಒಲೆ ಮುಂದೆ ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತಲೇ ಇರುವಳು, ಕಾದ ಬಂಡೆಯ ಮೇಲೆ ನಿಂತವಳಂತೆ. ‘ನೀನು ಸೋಂಬೇರಿ ಕಣೇ’ ಎಂದು ನಾನು ಮುಖಕ್ಕೆ ಹೇಳಿದ್ದೇನೆ. ಹಿಂದೆ ಆಡಿಕೊಳ್ಳುವುದು ನನಗೆ ಬರುವುದಿಲ್ಲ.

ವರ್ಷ ತುಂಬುವ ಮೊದಲೇ ಅವಳ ಮುಟ್ಟು ನಿಂತಿತು. ಮೈ ತುಂಬಿಕೊಂಡಿತು. ಒಂದು ದಿನ ರವಿಕೆಯ ಮುಂಭಾಗ ಒದ್ದೆಯಾಗಿದ್ದನ್ನು ನೋಡಿ ‘ಏನೇ ಅದು’ ಎಂದರೆ, ನಾಚಿಕೊಂಡು ‘ಹಾಲು, ಅತ್ತೆ’ ಎಂದಳು. ಸಕ್ಕರೆ ಹಂಚಿದ್ದು ಅವತ್ತೇ. ಹಂಚಿ ಬಂದು ಕೂತ ಮೇಲೆ ನನಗೆ ಒಂದು ಯೋಚನೆ ಬಂತು. ನಾನೂ ಹೆತ್ತವಳು, ಎಷ್ಟೋ ಹೆರಿಗೆ ನೋಡಿದವಳು. ಹೊಟ್ಟೆ ಇನ್ನೂ ಚಪ್ಪಟೆ ಇರುವಾಗ ಹಾಲು ಇಳಿದದ್ದನ್ನು ಯಾರಲ್ಲೂ ಕಂಡಿರಲಿಲ್ಲ.

ಹೊಳೆನರಸೀಪುರದಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸಿದೆವು. ಅವರು ಎಲ್ಲ ಪರೀಕ್ಷೆ ಮಾಡಿ, ‘ಮಗು ಇಲ್ಲಮ್ಮ’ ಎಂದರು. ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಳು.

ಡಾಕ್ಟರು ಕೇಳಿದರು: ‘ಏನಾದ್ರೂ ಮಾತ್ರೆ ತಗೋತಾ ಇದ್ದೀಯಾ? ತಲೆಗೆ, ನಿದ್ದೆಗೆ, ಹೊಟ್ಟೆಗೆ? ಕೆಲವು ಮಾತ್ರೆ ತಗೊಂಡ್ರೆ ಹೀಗಾಗುತ್ತೆ.’

‘ಇಲ್ಲ ಮೇಡಂ. ಜ್ವರ ಬಂದ್ರೂ ನಾನು ಮಾತ್ರೆ ನುಂಗಲ್ಲ’ ಎಂದಳು ಸೊಸೆ. ಅದು ನಿಜ. ಮಾತ್ರೆ ಕಂಡರೆ ಮುಖ ತಿರುಗಿಸುವವಳು.

‘ಮನೆಗೆ ಹೋಗಿ ಯೋಚನೆ ಮಾಡಿ’ ಎಂದರು ಡಾಕ್ಟರು.

ಯೋಚನೆ ಮಾಡಿದವಳು ನಾನೊಬ್ಬಳೇ. ಮಿಕ್ಕವರಿಗೆ ಬೇರೆ ಕೆಲಸವಿತ್ತು. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ನಮ್ಮ ನಾದಿನಿ ಸುದ್ದಿ ಕೇಳಿದ್ದೇ ಬಂದಿಳಿದಳು.

‘ಅತ್ಗೆ, ಅದು ಗೊಡ್ಡು ಕಣ್. ತವರ್ಗೆ ಬುಟ್ಬುಟ್ಟು ಬನ್ನಿ. ನಮ್ ಕಡೆ ಒಳ್ಳೆ ಹೆಣ್ಣೊಂದದೆ.’

‘ಹೆಣ್ಣು ನಿಮ್ ಕಡೆ ಯಾವಾಗ್ಲೂ ಇರ್ತದೆ. ನಿನ್ ಮಗಂಗೆ ಇನ್ನೂ ಯಾಕ್ ಸಿಕ್ಕಿಲ್ಲ?’ ಎಂದೆ. ಅವಳು ಕಾಫಿ ಲೋಟ ಕುಕ್ಕಿ ಎದ್ದಳು. ಆದರೆ ಮಾತು ಬಿತ್ತಲ್ಲ, ಮಗನ ಕಿವಿಯಲ್ಲಿ ಕೂತಿತು. ‘ಏನ್ ಮಾಡನವ್ವ?’ ಎಂದು ನನ್ನ ಮುಖ ನೋಡಿದ. ‘ರಾಗಿ ಕೊಯ್ಲು ಮುಗೀಲಿ’ ಎಂದೆ. ಸೊಸೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕೊಯ್ಲಿನವರೆಗೆ ಅವಳಿಗೆ ಈ ಮನೆ. ಅಷ್ಟು ಅವಳಿಗೂ ಗೊತ್ತಾಯಿತು.

ಒಂದೇ ಮಡಕೆಯ ಸಾರು, ಒಂದೇ ಮುದ್ದೆ ತಿನ್ನುವ ಮನೆಯಲ್ಲಿ, ನಾವ್ಯಾರೂ ತಿನ್ನದ ಯಾವುದನ್ನು ಇವಳು ತಿನ್ನುತ್ತಾಳೆ? ಹುಡುಕಿದರೆ ಒಂದೇ ಒಂದು ಸಿಕ್ಕಿತು. ಮೆಂತ್ಯದ ಉಂಡೆ. ಅವಳ ತಾಯಿ ಆಗಾಗ ಬಂದು ಡಬ್ಬಿ ತುಂಬ ಕೊಟ್ಟು ಹೋಗುವಳು. ‘ಸೊಂಟಕ್ಕೆ ಶಕ್ತಿ. ದಿನಾ ರಾತ್ರಿ ಊಟ ಆದ್ಮೇಲೆ ಒಂದು ತಿನ್ಬೇಕು, ತಪ್ಪಿಸ್ಬಾರ್ದು. ವಯಸ್ಸಾದೋರ್ಗೆ ಉಷ್ಣ, ನೀವ್ ತಿನ್ಬೇಡಿ ಅಕ್ಕಯ್ಯ’ ಎಂದು ಪ್ರತಿ ಸಲ ಹೇಳುವಳು. ಒಂದು ಸಲ ಹೇಳಿದರೆ ಸಾಲದೇ? ಪ್ರತಿ ಸಲ ಯಾಕೆ?

ಒಂದು ಬೆಳಿಗ್ಗೆ ಸೊಸೆ ಬಟ್ಟೆ ಒಗೆಯಲು ಕೆರೆಗೆ ಹೋದಾಗ ಒಂದು ಉಂಡೆ ತೆಗೆದು ತಿಂದೆ. ಮೆಂತ್ಯದ ಕಹಿ, ಬೆಲ್ಲ, ತುಪ್ಪ, ಕೊಬ್ಬರಿ. ಚೆನ್ನಾಗಿಯೇ ಮಾಡಿದ್ದಳು. ಆಮೇಲೆ ಅವರೆಕಾಯಿ ಸುಲಿಯಲು ಕೂತೆ. ಸ್ವಲ್ಪ ಹೊತ್ತಿಗೆ ಕಾಯಿ ಕೈಯಲ್ಲೇ ಉಳಿಯಿತು, ಕಣ್ಣು ಎಳೆಯತೊಡಗಿತು. ನೀರು ಕುಡಿಯೋಣವೆಂದು ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟಿ ಕಂಬ ಹಿಡಿದುಕೊಂಡೆ. ಅಲ್ಲೇ ಜಗಲಿಯ ಮೇಲೆ ಮಲಗಿದವಳಿಗೆ ಹಸು ಅರಚಿದ್ದು ಕೇಳಿಸಿತು, ಏಳಬೇಕು ಅನ್ನಿಸಲಿಲ್ಲ. ಸಂಜೆಯ ಹೊತ್ತಿಗೆ ಇನ್ನೊಂದು ಶುರುವಾಯಿತು. ಕಾಲು. ನೋವಲ್ಲ, ಉರಿಯಲ್ಲ. ಎಲುಬಿನೊಳಗೆ ಇರುವೆ ಹರಿದ ಹಾಗೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು.

ನಮ್ಮ ಯಜಮಾನರು ನೋಡಿ ನಕ್ಕರು. ‘ಏನೇ, ಎಂಡ ಕುಡ್ದಿದ್ದೀಯಾ?’

‘ಹೂಂ. ನಿಮ್ ಬೀಗಿತ್ತಿ ಬಟ್ಟಿ ಇಳ್ಸವ್ಳೆ’ ಎಂದೆ. ತಮಾಷೆ ಅಂದುಕೊಂಡರು.

ಅತ್ತೆಮನೆಯವರನ್ನು ಕೈವಶ ಮಾಡಿಕೊಳ್ಳಲು ಊಟದಲ್ಲಿ ಏನೇನೋ ಬೆರೆಸುತ್ತಾರೆ ಎಂಬ ಮಾತು ನಮ್ಮ ಕಡೆ ಉಂಟು. ನನಗೂ ಮೊದಲು ಅದೇ ನೆನಪಾಯಿತು. ಆದರೆ ಅದು ಕೂಡಲಿಲ್ಲ. ವಶ ಮಾಡಿಕೊಳ್ಳಬೇಕಾದರೆ ನನಗೆ ತಿನ್ನಿಸಬೇಕಿತ್ತು. ನನಗೆ ಬೇಡ ಬೇಡ ಎಂದು, ಹೆತ್ತ ಮಗಳಿಗೆ ಯಾಕೆ ತಿನ್ನಿಸುತ್ತಾಳೆ? ಇಲ್ಲವೇ ಅವತ್ತು ನನಗೇ ಮೈ ಸರಿಯಿರಲಿಲ್ಲವೋ ಏನೋ. ಅನುಮಾನ ಇಟ್ಟುಕೊಂಡು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬಾರದು. ಮೈ ಚೆನ್ನಾಗಿದ್ದ ಇನ್ನೊಂದು ದಿನ ನೋಡಿ ಮತ್ತೊಂದು ತಿಂದೆ. ಅದೇ ನಿದ್ದೆ, ಅದೇ ಕತ್ತಲೆ, ಅದೇ ಕಾಲು.

ಅವತ್ತು ಸಂಜೆ ಅಡಿಗೆಮನೆಯಲ್ಲಿ ಸೊಸೆ ಒಂದು ಕಡೆ ನಿಂತು ಕಾಲು ಬದಲಾಯಿಸುತ್ತಿದ್ದಳು, ನಾನು ಇನ್ನೊಂದು ಕಡೆ ನಿಂತು ಕಾಲು ಬದಲಾಯಿಸುತ್ತಿದ್ದೆ. ಅವಳಿಗೆ ಏನೂ ತಿಳಿಯದು. ನನಗೆ ತಿಳಿಯಿತು.

ಮಗನಿಗೆ ಹೇಳಿದರೆ ಬಡಿದಾಟ, ನಾದಿನಿಗೆ ಹೇಳಿದರೆ ಡಂಗುರ. ಯಾರಿಗೂ ಹೇಳದೆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹಿರೀಸಾವೆಯಲ್ಲಿ ಬೀಗರದು ರಸ್ತೆ ಪಕ್ಕದಲ್ಲಿ ಸಣ್ಣ ಹೋಟೆಲು. ಬೀಗಿತ್ತಿ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಕಾಫಿ ತಂದಳು. ನಾನು ಡಬ್ಬಿ ತೆರೆದು ಒಂದು ಉಂಡೆಯನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ತಳ್ಳಿದೆ.

‘ತಿನ್ನು ಬೀಗಿತ್ತಿ.’

‘ಅಯ್ಯ, ನಂಗ್ಯಾಕೆ ಅಕ್ಕಯ್ಯ? ಮಗೀಗೆ ಅಂತ ಮಾಡಿದ್ದು.’

‘ನೀನೇ ಕಟ್ಟಿದ್ದಲ್ವ? ರುಚಿ ನೋಡು.’

‘ಈಗ್ತಾನೆ ಊಟ ಆಯ್ತು.’

‘ಉಂಡ್ಮೇಲೇ ತಿನ್ಬೇಕು ಅಂತ ನೀನೇ ಯೋಳಿದ್ದು.’

ಅವಳು ಉಂಡೆಯನ್ನು ನೋಡಿದಳು, ಮುಟ್ಟಲಿಲ್ಲ. ಹೊರಗೆ ಯಾರೋ ಇಡ್ಲಿಗೆ ಚಟ್ನಿ ಕೇಳುತ್ತಿದ್ದರು.

‘ನಾನ್ ತಿಂದೆ ಕಣಮ್ಮ. ಎರಡು ಸಲ’ ಎಂದೆ.

ಅವಳ ಮುಖದ ಬಣ್ಣ ಹೋಯಿತು. ‘ತಿಂದ್ರಾ? ಎಲ್ಲಾರ ಬಿದ್ರಾ? ಎದ್ದಾಗ ಕಣ್ಣು ಕತ್ಲೆ ಕಟ್ತಾ?’

ಏನಾಯಿತು ಎಂದು ನಾನು ಹೇಳುವ ಮೊದಲೇ ಅವಳು ಹೇಳಿಬಿಟ್ಟಿದ್ದಳು. ಅದು ಅವಳಿಗೂ ಗೊತ್ತಾಗಿ ಬಾಗಿಲು ಮುಂದೆ ಮಾಡಿ ಕೂತಳು.

ಪಿಯುಸಿ ಓದುವಾಗ ಮಗಳಿಗೆ ಯಾರೂ ಆಡದ ಮಾತು ಕೇಳಿಸಲು ಶುರುವಾಯಿತಂತೆ. ಹೋಟೆಲಿಗೆ ಬರುವ ಲಾರಿಯವರೆಲ್ಲ ತನ್ನ ಸುದ್ದಿಯನ್ನೇ ಆಡುತ್ತಾರೆ ಎನ್ನುವಳಂತೆ. ಊಟ ಬಿಟ್ಟಳು, ಸ್ನಾನ ಬಿಟ್ಟಳು. ದೇವಸ್ಥಾನ ಸುತ್ತಿಸಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಕೊನೆಗೆ ಹಾಸನದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ‘ನಂಗೇನಾಗದೆ?’ ಎಂದು ಅವಳು ಮಾತ್ರೆಯನ್ನು ಉಗಿದಳು.

‘ಅದ್ಕೇ ಮುದ್ದೇಲಿಟ್ಟೆ ಅಕ್ಕಯ್ಯ. ಮುದ್ದೆ ಯಾರ್ ಅಗೀತಾರೆ, ನುಂಗ್ತಾರೆ. ತಿಂಗಳು ತುಂಬೋದ್ರೊಳ್ಗೆ ನನ್ ಮಗ್ಳು ತಾನೇ ತಲೆ ಬಾಚ್ಕಂಡ್ಳು. ನಕ್ಕಳು. ಮದ್ವೆ ಆದ್ಮೇಲೆ ಮುದ್ದೆ ನಿಮ್ ಮನೇದಾಯ್ತಲ್ಲ. ಏನ್ ಮಾಡ್ಲಿ? ಮಾತ್ರೆ ಪುಡಿ ಮಾಡಿ ಉಂಡೇಗ್ ಆಕ್ದೆ. ಮೆಂತ್ಯದ ಕಹೀಲಿ ಅದ್ರ ಕಹಿ ಗೊತ್ತಾಗಕಿಲ್ಲ.’

‘ಅವ್ಳಿಗೇ ಗೊತ್ತಿಲ್ವ?’

‘ಇಲ್ಲ. ತಾಯಿತದಿಂದ ವಾಸಿ ಆಯ್ತು ಅಂದ್ಕಂಡವ್ಳೆ.’

‘ನಮ್ಗಾದ್ರೂ ಮೊದ್ಲೇ ಯಾಕ್ ಯೋಳ್ಲಿಲ್ಲ?’

‘ಯೋಳಿದ್ರೆ ನೀವ್ ಹೆಣ್ಣು ತತ್ತಿದ್ರಾ?’

‘ಇಲ್ಲ’ ಎಂದೆ. ಇದ್ದದ್ದು ಅದೇ.

ಡಾಕ್ಟರು ಬರೆದ ಹಳೆಯ ಚೀಟಿಯನ್ನೇ ಅಂಗಡಿಗೆ ತೋರಿಸಿ ಬೀಗಿತ್ತಿ ಮಾತ್ರೆ ತರುತ್ತಿದ್ದಳು. ಮದುವೆಯಾದದ್ದು ಡಾಕ್ಟರಿಗೆ ಗೊತ್ತಿರಲಿಲ್ಲ. ಮುಟ್ಟು ನಿಂತದ್ದು, ಹಾಲು ಬಂದದ್ದು ಈ ಮಾತ್ರೆಯಿಂದಲೇ ಇದ್ದೀತು ಎಂದು ನಾನು ಹೇಳಿದಾಗ ಸೆರಗನ್ನು ಬಾಯಿಗೆ ಹಿಡಿದಳು. ‘ಅಳೋದ್ ಆಮೇಲ್ ಅಳುವಂತೆ. ಮೊದ್ಲು ಹಾಸನಕ್ಕೆ ನಡಿ’ ಎಂದೆ.

ಮಗ, ಸೊಸೆಗೆ ‘ಹಾಸನದಲ್ಲಿ ಒಂದ್ಸಲ ತೋರ್ಸನ’ ಎಂದಷ್ಟೇ ಹೇಳಿ ಹೊರಡಿಸಿದೆ. ಹಾಸನದ ಡಾಕ್ಟರ ಮುಂದೆ ಸೊಸೆ, ಮಗ, ಬೀಗಿತ್ತಿ, ನಾನು ಎಲ್ಲ ಕೂತೆವು. ಅವರು ಬೀಗಿತ್ತಿಯನ್ನು ಗದರಿಸಲಿಲ್ಲ. ಸೊಸೆಯ ಕಡೆಯೇ ತಿರುಗಿ, ಇಂಥ ಕಾಯಿಲೆ ಇದೆ, ಇಂಥ ಮಾತ್ರೆ ನಿನ್ನ ಮೈ ಸೇರುತ್ತಿತ್ತು ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ನನಗೆ ತಡೆಯಲಾಗಲಿಲ್ಲ.

‘ಅಲ್ಲ ಸಾ, ಇಲ್ಲದ್ ಮಾತು ಕೇಳ್ಸೋದು ತಲೇಲಿ. ಹಾಲು ಬರೋದು ಎದೇಲಿ. ತಲೆ ಮಾತ್ರೆ ಎದೆಗ್ಯಾಕ್ ಇಳೀತು?’

ಡಾಕ್ಟರು ನಕ್ಕರು. ‘ಒಳ್ಳೆ ಪ್ರಶ್ನೆ ಅಜ್ಜಿ. ತಲೆಯೊಳಗೆ ಒಂದು ರಸ ಇರುತ್ತೆ. ಅದರ ಆಟ ಜಾಸ್ತಿಯಾದ್ರೆ ಇಂಥ ಮಾತು ಕೇಳಿಸುತ್ತೆ, ಮಾತ್ರೆ ಅದನ್ನ ತಡೆಯುತ್ತೆ. ಆದ್ರೆ ಹಾಲಿನ ಬಾಗಿಲು ಮುಚ್ಚಿ ಹಿಡಿಯೋದೂ ಅದೇ ರಸ. ಅದನ್ನ ತಡೆದ್ರೆ ಕೆಲವರಿಗೆ ಆ ಬಾಗಿಲು ತೆರೆಯುತ್ತೆ. ಮಗು ಹಾಲು ಕುಡೀತಿದೆ ಅಂತ ಮೈ ತಿಳ್ಕೊಂಡು ಮುಟ್ಟು ನಿಲ್ಲಿಸುತ್ತೆ.’

ಅಷ್ಟು ದಿನದ ಗಂಟು ಅಲ್ಲಿ ಬಿಚ್ಚಿತು. ಹೀಗೆ ಮಾಡದ ಬೇರೆ ಮಾತ್ರೆ ಇದೆ, ನಿಧಾನವಾಗಿ ಬದಲಾಯಿಸೋಣ, ನೀವಾಗಿ ನಿಲ್ಲಿಸಬೇಡಿ, ಮಗು ಬೇಕು ಅನ್ನಿಸಿದಾಗ ಮೊದಲು ನನ್ನ ಹತ್ತಿರ ಬನ್ನಿ ಎಂದರು. ಬೈಗುಳ ತಿಂದವಳು ನಾನೊಬ್ಬಳೇ. ‘ಈ ವಯಸ್ಸಲ್ಲಿ ಬೇರೆಯವರ ಮಾತ್ರೆ ತಿಂದು ಬಿದ್ದು ಸೊಂಟ ಮುರ್ಕೊಂಡಿದ್ರೆ?’

ಸೊಸೆ ಕೇಳಿದ್ದು ಒಂದೇ, ಅದೂ ತಾಯಿಯನ್ನು. ‘ಅವ್ವ, ಮುದ್ದೆ ಮಾಡಿ ಹತ್ರ ಕೂರಿಸ್ಕೊಂಡು ತಿನ್ನಿಸ್ತಿದ್ಯಲ್ಲ, ಅದಕ್ಕೇನಾ?’

ಮನೆಗೆ ಬಂದ ಮೇಲೆ ಸೊಸೆ ಯಾರ ಕೈಯಡಿಗೆಯನ್ನೂ ತಿನ್ನಲಿಲ್ಲ. ತಾನೇ ನೀರು ಸೇದಿ, ತಾನೇ ಒಂದು ಹಿಡಿ ಅಕ್ಕಿ ಬೇಯಿಸಿಕೊಳ್ಳುವಳು. ಹೊಸ ಮಾತ್ರೆಯನ್ನು ಕನ್ನಡಿಯ ಹಿಂದೆ ಇಟ್ಟಿದ್ದಳು, ಮುಟ್ಟುತ್ತಿರಲಿಲ್ಲ. ಮಗ ಬಂದು ಮೆಲ್ಲಗೆ, ‘ಅವ್ವ, ಮುದ್ದೇಲಿ ಇಡನಾ?’ ಎಂದ. ಮುದ್ದೆ ಕೋಲು ಎತ್ತಿದೆ, ಓಡಿದ. ನಾದಿನಿಗೂ ವಾಸನೆ ಬಡಿದು, ‘ಗೊಡ್ಡು ಅಂದ್ಕಂಡ್ರೆ ಹುಚ್ಚು’ ಎಂದು ಹೇಳಿ ಕಳಿಸಿದಳು. ಕಾಯಿಲೆ ತಿರುಗಿ ಬಂದರೆ ಇವಳನ್ನು ಇಲ್ಲಿ ಇಟ್ಟುಕೊಳ್ಳುವುದು ನನ್ನಿಂದಲೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

‘ನೀವೂ ಏನಾದ್ರೂ ಹಾಕಿದ್ರೆ?’ ಎಂದಳು ಸೊಸೆ, ನಾನು ಸಾರು ಬಡಿಸಲು ಹೋದಾಗ.

‘ನಾನ್ ತಿಂದೋಳು ಕಣೇ, ಆಕ್ದೋಳಲ್ಲ. ಆ ಕಾಲು ಇದ್ಯಲ್ಲ, ಒಳ್ಗೆ ಇರುವೆ ಹರ್ದಂಗೆ, ನಿಂಗೂ ಅಂಗೇ ಆಯ್ತಿತ್ತಾ?’

ಅವಳು ಕೈ ತಡೆದಳು. ‘ಅದು ಮಾತ್ರೆಯಿಂದಾನಾ? ಬೆಳಿಗ್ಗೆ ಆ ಮಂಪರು?’

‘ಅದೂನೂವೆ.’

‘ನಾನು ಹುಟ್ಟಿರೋದೇ ಹಿಂಗೆ ಅಂದ್ಕೊಂಡಿದ್ದೆ ಅತ್ತೆ. ನೀವೂ ಸೋಂಬೇರಿ ಅಂದ್ರಲ್ಲ.’

ಅವತ್ತೂ ಅವಳು ಸಾರು ಹಾಕಿಸಿಕೊಳ್ಳಲಿಲ್ಲ. ಆದರೆ ಎದ್ದು ಹೋಗದೆ ನನ್ನ ಪಕ್ಕದಲ್ಲೇ ಕೂತು ಉಂಡಳು.

ರಾಗಿ ಕೊಯ್ಲಿಗೆ ಇನ್ನೇನು ಬಂದಿತ್ತು. ಒಂದು ಮಧ್ಯಾಹ್ನ ಅವಳು ಹಿತ್ತಿಲಿನಿಂದ ಒಳಗೆ ಬಂದು ನನ್ನ ಎದುರು ನಿಂತಳು.

‘ಅತ್ತೆ, ಹಿತ್ಲಲ್ಲಿ ಯಾರಾದ್ರೂ ಮಾತಾಡ್ತಾವ್ರಾ?’

ನಾನು ಎದ್ದು ಹೋಗಿ ನಿಂತು ಕೇಳಿದೆ. ದೂರದ ಗದ್ದೆಯ ಮೋಟರು ಓಡುತ್ತಿತ್ತು. ಒಂದು ಕೋಳಿ ಕೆದಕುತ್ತಿತ್ತು.

‘ಇಲ್ಲ. ಮೋಟ್ರು ಓಡ್ತದೆ.’

‘ನನ್ ಹೆಸ್ರು ಹೇಳ್ತಾ ಇಲ್ವಾ?’

‘ಇಲ್ಲ ಕಣವ್ವ.’

ಅವಳು ನನ್ನ ಮುಖವನ್ನು ನೋಡಿದಳು. ‘ನಿಮ್ ಮಗನ್ನ ಕೇಳಿದ್ರೆ ಸಮಾಧಾನ ಹೇಳ್ತಾರೆ. ಅವ್ವ ಸುಳ್ಳು ಹೇಳ್ತಾಳೆ. ನೀವು ಮುಖದ ಮೇಲೆ ಬೈದೋರು’ ಎಂದಳು. ಕನ್ನಡಿಯ ಹಿಂದಿನಿಂದ ಮಾತ್ರೆ ತೆಗೆದಳು. ತಾನೇ ಕೊಡದಿಂದ ನೀರು ಬಗ್ಗಿಸಿಕೊಂಡಳು. ನಾನು ನೋಡುತ್ತಿದ್ದೇನೋ ಇಲ್ಲವೋ ಎಂದು ನೋಡಿ, ನುಂಗಿದಳು.

ಹೊಸ ಮಾತ್ರೆಯೂ ಸುಮ್ಮನೆ ಬಿಡಲಿಲ್ಲ. ವಿಪರೀತ ಹಸಿವು, ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಸಬೇಕಾಯಿತು. ಆದರೆ ಕಾಲಿನ ಚಡಪಡಿಕೆ ನಿಂತಿತು. ಹಿತ್ತಿಲಿನ ಮಾತು ಮೊದಲು ಸಣ್ಣಗಾಗಿ ಆಮೇಲೆ ಇಲ್ಲವಾಯಿತು ಎಂದಳು. ಕೊಯ್ಲು ಮುಗಿಯಿತು, ಕಣ ಮುಗಿಯಿತು, ತವರಿನ ಮಾತನ್ನು ಮಗನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಅವಳು ಬಂದು, ಪರೀಕ್ಷೆ ಪಾಸಾದವಳಂತೆ, ‘ಅತ್ತೆ, ಹೊರಗಾದೆ’ ಎಂದಳು. ಈ ಸಲ ಸಕ್ಕರೆ ಹಂಚಲಿಲ್ಲ. ಮುಂದೆ ಡಾಕ್ಟರಿಗೆ ಹೇಳಿ, ಕೇಳಿ, ಅವರ ಕಣ್ಗಾವಲಿನಲ್ಲೇ ಮೊಮ್ಮಗಳು ಹುಟ್ಟಿದಳು.

ಬಾಣಂತನಕ್ಕೆ ಬೀಗಿತ್ತಿ ಡಬ್ಬಿ ತಂದಳು. ಮತ್ತೆ ಮೆಂತ್ಯದ ಉಂಡೆ. ಬಾಣಂತಿಗೆ ಅದನ್ನು ಕೊಡದೆ ಇನ್ನೇನು ಕೊಡುತ್ತಾರೆ? ಸೊಸೆ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, ಡಬ್ಬಿಯಿಂದ ಒಂದು ಉಂಡೆ ತೆಗೆದು ತಾಯಿಯ ಮುಂದೆ ಹಿಡಿದಳು.

‘ಮೊದ್ಲು ನೀನ್ ತಿನ್ನು.’

ಬೀಗಿತ್ತಿ ಪೂರ್ತಿ ತಿಂದಳು, ಒಂದು ಚೂರೂ ಬಿಡದೆ. ಸೊಸೆ ಅವಳ ಬಾಯನ್ನೇ ನೋಡುತ್ತಿದ್ದು, ನುಂಗಿದ ಮೇಲೆ ತಾನೊಂದು ತೆಗೆದುಕೊಂಡಳು. ಈಗಲೂ ಡಬ್ಬಿ ಬಂದಾಗಲೆಲ್ಲ ಹಾಗೆಯೇ. ಬೀಗಿತ್ತಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ, ಸಿಹಿ ತಿನ್ನಬಾರದು ಎಂದಿದ್ದಾರೆ. ಆದರೂ ಬಂದವಳೇ ಕಾಲು ತೊಳೆದು, ಯಾರೂ ಹೇಳುವ ಮೊದಲೇ, ಮಗಳ ಎದುರು ಕೂತು ಮೊದಲನೆಯ ಉಂಡೆಯನ್ನು ತಿನ್ನುತ್ತಾಳೆ.