ಕಾಲೇಜು ತೋರಿಸಿದ ತಪ್ಪು

ಅವ್ವ ತೀರಿಕೊಂಡ ಮೇಲೆ ಅವಳ ತಗಡಿನ ಟ್ರಂಕು ನನ್ನ ಪಾಲಿಗೆ ಬಂತು. ಹೋದ ತಿಂಗಳು ಅದನ್ನು ತೆರೆದಾಗ ಎರಡು ಇಳಕಲ್ ಸೀರೆಗಳ ನಡುವೆ ನಾಲ್ಕಾಗಿ ಮಡಚಿದ ಹಾಳೆಯೊಂದು ಸಿಕ್ಕಿತು. ಒಂದು ಮಗ್ಗುಲಿಗೆ ಗಣಿತದ ಪ್ರಶ್ನೆಪತ್ರಿಕೆ. ಇನ್ನೊಂದು ಮಗ್ಗುಲಿಗೆ ನೀಲಿ ಶಾಯಿಯಲ್ಲಿ ಬರೆದ ನಕಾಶೆ: ಕಲಬುರ್ಗಿಯ ಬಸ್ ಸ್ಟ್ಯಾಂಡು, ಒಂದು ಔಷಧದ ಅಂಗಡಿ, ಎಡಕ್ಕೆ ತಿರುಗುವ ಬಾಣ, ಕೊನೆಗೆ ಒಂದು ಚೌಕ. ಚೌಕದೊಳಗೆ ನನ್ನ ಅಂಕುಡೊಂಕು ಅಕ್ಷರದಲ್ಲಿ ‘ಕಾಲೇಜು’. ಅದರ ಕೆಳಗೆ ಬೇರೆಯವರ ಕೈಬರಹ, ಗುಂಡಗೆ, ನೆಟ್ಟಗೆ: ‘ದಾರಿ ಕೇಳುವುದಾದರೆ ಅಂಗಡಿಯಲ್ಲಿ ಕೂತವರನ್ನು ಕೇಳು. ದಾರಿಯಲ್ಲಿ ನಿಂತವರನ್ನು ಬೇಡ.’

ಅದು ಅಕ್ಕೋರ ಅಕ್ಷರ… ನೋಡಿದ ಕೂಡಲೇ ಕಣ್ಣು ತುಂಬಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು. ನಲವತ್ತು ವರ್ಷ ಆಗುತ್ತ ಬಂದರೂ ಆರದ ಸಿಟ್ಟು.

ಅಫಜಲಪುರ ತಾಲ್ಲೂಕಿನಲ್ಲಿ, ಕರಜಗಿ ದಾಟಿ ಭೀಮೆಯ ಕಡೆ ಹೋದರೆ ಸಿಗುವ ಊರು ನಮ್ಮದು. ಹೆಸರು ಬೇಡ. ಎಂಬತ್ತರ ದಶಕದ ನಡುವೆ ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯಲ್ಲಿದ್ದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಗಣಿತದ ಅಕ್ಕೋರು. ಆಳಂದ ಕಡೆಯವರು, ಮೂವತ್ತರ ಆಸುಪಾಸಿನವರು. ಗಂಡಸರ ದೊಡ್ಡ ಗಡಿಯಾರವನ್ನು ಮುಂಗೈ ಒಳಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತ ಬಿಡಿಸುತ್ತ ಅರ್ಧಕ್ಕೆ ನಿಂತು, ಮುಂದಿನ ಹೆಜ್ಜೆ ನಾವು ಹೇಳುವ ತನಕ ಸೀಮೆಸುಣ್ಣ ಎತ್ತುತ್ತಿರಲಿಲ್ಲ. ಊರಿಗೆ ಇದ್ಯಾವುದೂ ಬೇಕಿರಲಿಲ್ಲ. ಆಕೆಗೆ ಮದುವೆ ಆಗಿದೆಯೋ ಇಲ್ಲವೋ, ಆಗಿದ್ದರೆ ಗಂಡ ಎಲ್ಲಿ, ಇದೇ ಊರಿಗೆ ಹತ್ತಿದ ಚಿಂತೆ.

ನಮ್ಮ ತರಗತಿಯಲ್ಲಿ ಹುಡುಗಿಯರು ಆರೇ ಮಂದಿ. ಒಂದು ದಿನ ಅಕ್ಕೋರು ಪಾಠ ನಿಲ್ಲಿಸಿ ಕೇಳಿದರು, “ಪರೀಕ್ಷೆ ಮುಗದ ಮ್ಯಾಲ ಏನ್ ಮಾಡ್ತೀರಿ?”

ಶರಣಮ್ಮ ಎದ್ದು ನಿಂತಳು. ಅವಳು ನನ್ನ ಗೆಳತಿ, ಗಣಿತದಲ್ಲಿ ಹುಡುಗರನ್ನೂ ಹಿಂದೆ ಹಾಕುತ್ತಿದ್ದವಳು. “ಮನ್ಯಾಗ ಇರ್ತೇವ್ರಿ,” ಅಂದಳು.

“ಇರೋದು ಒಂದು ಕೆಲಸ ಅಲ್ಲ ಬೇ. ಕಲ್ಲೂ ಇರ್ತದ.”

ಮರು ಐತವಾರದಿಂದ ನಾವು ಆರೂ ಮಂದಿ ಹಿಟ್ಟಿನ ಗಿರಣಿಯ ಹಿಂದಿದ್ದ ಅವರ ಬಾಡಿಗೆ ಕೋಣೆಗೆ ಹೋಗತೊಡಗಿದೆವು. ಪಿ.ಯು.ಸಿ. ಅಂದರೇನು, ಸೈನ್ಸಿಗೂ ಆರ್ಟ್ಸಿಗೂ ಏನು ಫರಕು, ಯಾವುದು ಓದಿದರೆ ಮುಂದೆ ಏನಾಗಬಹುದು, ಹಾಸ್ಟೆಲ್ಲಿಗೆ ಯಾರು ಅರ್ಜಿ ಹಾಕಬಹುದು… ನಮಗೆ ಇದನ್ನೆಲ್ಲ ಅದುವರೆಗೆ ಯಾರೂ ಹೇಳಿರಲಿಲ್ಲ. ಕೇಳಬಹುದು ಎಂಬುದೂ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಫಾರಂ ಬರೆದು ತುಂಬಿಸಲು ಕಲಿಸಿದರು. ನಕಾಶೆ ಬರೆಸಿದರು. ಆಮೇಲೆ ತಮ್ಮ ಕೋಣೆಯ ಕಿಟಕಿಯನ್ನೇ ಕಾಲೇಜಿನ ಆಫೀಸು ಮಾಡಿ, ತಾವು ಒಳಗೆ ಕ್ಲರ್ಕ್ ಆಗಿ ಕೂತು, ನಮ್ಮನ್ನು ಹೊರಗೆ ಸಾಲಾಗಿ ನಿಲ್ಲಿಸಿದರು.

“ಏನ್ ಬೇಕು?” ದನಿ ಗಡುಸು ಮಾಡಿ ಕೇಳಿದರು.

“ಫಾರಂ ಬೇಕಿತ್ರಿ,” ಅಂದೆ.

“ಯಾವ ಫಾರಂ? ಮದಿವಿ ಫಾರಮ್ಮೇನು?”

ನಾವು ನಕ್ಕೆವು. ಅವರು ನಗಲಿಲ್ಲ. “ನಗಬ್ಯಾಡ್ರಿ. ಹಿಂಗ ಕೇಳೋರು ಅಲ್ಲಿ ಇರ್ತಾರ. ಆಗ ಏನ್ ಹೇಳ್ತೀರಿ?”

ನಾನು ತಲೆ ತಗ್ಗಿಸಿದೆ. ಹಿಂದೆ ನಿಂತಿದ್ದ ಶರಣಮ್ಮ ಮುಂದೆ ಬಂದು ಕಿಟಕಿಯ ಸರಳು ಹಿಡಿದಳು. “ಪಿ.ಯು.ಸಿ. ಸೈನ್ಸ್ ಫಾರಂ ರೀ. ನಿಮ್ಮ ಬಲ್ಲಿ ಇಲ್ಲಂದ್ರ ಯಾರ ಬಲ್ಲಿ ಅದ ಹೇಳ್ರಿ, ಅಲ್ಲಿ ಹೋಗ್ತೇವಿ.”

ಅಕ್ಕೋರು ಒಂದು ಹಾಳೆ ತೆಗೆದು ಸರಳಿನ ಸಂದಿಯಿಂದ ಅವಳ ಕೈಗಿಟ್ಟರು.

ಸಂಕ್ರಾಂತಿ ಕಳೆದ ಮೇಲೆ ನಮ್ಮನ್ನು ಕಲಬುರ್ಗಿಗೆ ಕರೆದುಕೊಂಡು ಹೋಗಿ ಕಾಲೇಜು ತೋರಿಸುವುದೆಂದಾಯಿತು. ಆಕೆ ಹುಚ್ಚು ಧೈರ್ಯದ ಮನುಷ್ಯಳಲ್ಲ. ಆರೂ ಮನೆಗೆ ಹೋದರು, ತಂದೆಯರ ಜೊತೆ ಮಾತಾಡಿದರು, ಒಪ್ಪಿಗೆ ಪತ್ರ ಬರೆದು ಸಹಿ ಮಾಡಿಸಿಕೊಂಡರು. ಸಹಿ ಬರದವರು ಹೆಬ್ಬೆಟ್ಟು ಒತ್ತಿದರು. ಹೆಡ್ ಮಾಸ್ತರರಿಗೂ ತಿಳಿಸಿದರು. ಅಪ್ಪ ಸಹಿ ಹಾಕಿದ್ದನ್ನು ನಾನು ಕಂಡಿದ್ದೇನೆ. ನಾಲ್ಕನೇ ತರಗತಿಯ ತನಕ ಓದಿದ್ದ ಅಪ್ಪನಿಗೆ ಸಹಿ ಮಾಡುವುದೆಂದರೆ ಹೆಮ್ಮೆ. ಹೆಸರಿನ ಕೊನೆಗೆ ಉದ್ದನೆಯ ಬಾಲ ಎಳೆಯುತ್ತಿದ್ದ. ಪೆನ್ನು ತಂದುಕೊಟ್ಟವಳು ಅವ್ವ.

ಆ ದಿನವನ್ನು ಹೇಗೆ ಹೇಳಲಿ… ಪ್ರಯೋಗಶಾಲೆಯಲ್ಲಿ ಒಬ್ಬ ಮೇಡಮ್ ನಮ್ಮ ಕೈಗೆ ಗಾಜಿನ ನಳಿಕೆ ಕೊಟ್ಟು, ಒಡೆದರೆ ಒಡೆಯಲಿ ಹಿಡಿಯಿರಿ ಅಂದರು. ಖಾಲಿ ಕ್ಲಾಸ್‌ರೂಮೊಂದರಲ್ಲಿ ಶರಣಮ್ಮ ಮುಂದಿನ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. “ಇಲ್ಲಿಂದ ಬೋರ್ಡ್ ಚಲೋ ಕಾಣ್ತದ್ರಿ,” ಅಂದಳು. “ಕುಂತಿರು. ಬಸ್ಸಿಗಿ ಇನ್ನಾ ಟೈಮ್ ಅದ,” ಅಂದರು ಅಕ್ಕೋರು. ನಾವೆಲ್ಲ ಬಾಗಿಲಲ್ಲಿ ನಿಂತು ಕಾದೆವು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದರು. ಬುತ್ತಿ ಇತ್ತು, ಆದರೂ ಹೋದೆವು. ನಾಳೆ ಒಬ್ಬರೇ ಬಂದಾಗ ಹಸಿದುಕೊಂಡು ತಿರುಗಬಾರದು, ಒಳಗೆ ಹೋಗಿ ಕೂತು ಬೇಕಾದದ್ದು ಕೇಳುವುದು ಬರಬೇಕು ಅನ್ನುವುದು ಅವರ ಲೆಕ್ಕ. ಒಂದೊಂದು ದೋಸೆ ತಿಂದು ಚಹಾ ಕುಡಿದೆವು. ತೊಗರಿ ಮಾರಲು ಬಂದಿದ್ದ ನಮ್ಮೂರಿನವನೊಬ್ಬ ಅದನ್ನು ಕಂಡ. ಹೊತ್ತು ಮುಳುಗುವ ಮುಂಚೆ ನಾವು ಮನೆ ಸೇರಿದ್ದೆವು. ಆದರೆ ಸುದ್ದಿ ನಮಗಿಂತ ಜೋರಾಗಿ ಓಡಾಡಿತು: ಅಕ್ಕೋರು ಊರ ಹೆಣ್ಣುಮಕ್ಕಳನ್ನು ಹೋಟೆಲಿನಲ್ಲಿ ಗಂಡಸರ ನಡುವೆ ಕೂಡಿಸಿ ನಗಿಸುತ್ತಿದ್ದರಂತೆ.

ಮೂರನೆಯ ದಿನ ಶಾಲೆಯಲ್ಲಿ ಸಭೆ. ಶಾಲಾ ಸಮಿತಿಯ ಅಧ್ಯಕ್ಷರು ಊರಿನ ದೊಡ್ಡ ಜಮೀನುದಾರರು. ಅವರ ಬಾವಿಯ ನೀರು ಹರಿಯದಿದ್ದರೆ ನಮ್ಮ ತಂದೆಯರ ಹೊಲ ಒಣಗುತ್ತಿತ್ತು. ನಮ್ಮ ಆರೂ ಮಂದಿಯನ್ನು ಕಳ್ಳರ ಹಾಗೆ ಗೋಡೆಗೆ ನಿಲ್ಲಿಸಿದ್ದರು.

“ಯಾರಿಗಿ ಕೇಳಿ ಹುಡುಗ್ಯಾರಿಗಿ ಕರ್ಕೊಂಡು ಹೋಗಿದ್ರಿ ಅಕ್ಕೋರೆ?” ಅಧ್ಯಕ್ಷರು ಕೇಳಿದರು.

ಅಕ್ಕೋರು ಆರು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. “ಇವರ ತಂದಿಗೋಳಿಗಿ ಕೇಳಿದೀನ್ರಿ.”

ಅಧ್ಯಕ್ಷರು ಒಂದೊಂದೇ ಹಾಳೆ ಎತ್ತಿ ತಂದೆಯರ ಮುಂದೆ ಹಿಡಿದರು. ಮೊದಲನೆಯವನು ಹೆಬ್ಬೆಟ್ಟು ತನ್ನದೋ ಅಲ್ಲವೋ ನೆನಪಿಲ್ಲ ಅಂದ. ಶರಣಮ್ಮನ ಅಪ್ಪ, ಅದರಲ್ಲಿ ಏನು ಬರೆದಿತ್ತೋ ತನಗೆ ಯಾರೂ ಓದಿ ಹೇಳಲಿಲ್ಲ ಅಂದ. ನಾಲ್ಕನೆಯದು ನಮ್ಮಪ್ಪನದು. ಬಾಲವಿದ್ದ ಆ ಸಹಿಯನ್ನು ಅಪ್ಪ ನೋಡಿದ. ತಲೆ ಎತ್ತದೆ, “ನಂದಲ್ರಿ,” ಅಂದ.

ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಕ್ಕೋರು ನನ್ನ ಕಡೆ ನೋಡಿ, ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದರು. ನಾನು ಸುಮ್ಮನಾದೆ. ಆಕೆ ಬೇಡ ಅಂದರು ಎಂಬ ನೆಪ ಇಷ್ಟು ವರ್ಷ ನನ್ನನ್ನು ಕಾಪಾಡಿದೆ. ನಿಜ ಹೇಳಬೇಕೆಂದರೆ, ಅವರು ಬೇಡ ಅನ್ನದಿದ್ದರೂ ನಾನು ಮಾತಾಡುತ್ತಿದ್ದೆನೋ ಇಲ್ಲವೋ. ಎಲ್ಲ ಗೊತ್ತಿದ್ದ ಹೆಡ್ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

“ಅಂದ್ರ ಖೊಟ್ಟಿ ಸಹಿ,” ಅಂದರು ಅಧ್ಯಕ್ಷರು.

ಅಕ್ಕೋರು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡರು. “ಸಹಿ ಯಾರದು ಅಂತ ಮಾಡಿದವರಿಗಿ ಗೊತ್ತದ. ಅದು ನಾ ಕೇಳಂಗಿಲ್ಲ. ಒಂದೇ ಮಾತು ಹೇಳ್ರಿ, ಹೋಟೆಲ್‌ನ್ಯಾಗ ತಿಂದದ್ದು ತಪ್ಪೋ, ಕಾಲೇಜ್ ನೋಡಿದ್ದು ತಪ್ಪೋ?”

ಅಧ್ಯಕ್ಷರು ಎದ್ದು ಹೊರಗೆ ನಡೆದರು, ತಂದೆಯರು ಅವರ ಹಿಂದೆ.

ಹದಿನೈದು ದಿನದೊಳಗೆ ವರ್ಗದ ಆದೇಶ ಬಂತು. ಜೇವರ್ಗಿ ತಾಲ್ಲೂಕಿನ ಒಂದು ಊರಿಗೆ, ದಿನಕ್ಕೆ ಒಂದೇ ಬಸ್ಸು ಹೋಗುವಲ್ಲಿಗೆ. ನಮ್ಮ ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಆಕೆಯ ಜಾಗಕ್ಕೆ ಯಾರೂ ಬರಲಿಲ್ಲ. ಆ ವರ್ಷ ಆರು ಹುಡುಗಿಯರಲ್ಲಿ ಮೂವರು ಗಣಿತದಲ್ಲಿ ನಪಾಸಾದರು. ಅದಕ್ಕಾಗಿ ಯಾರೂ ಸಭೆ ಕರೆಯಲಿಲ್ಲ, ಯಾರನ್ನೂ ಗೋಡೆಗೆ ನಿಲ್ಲಿಸಲಿಲ್ಲ. ಹೋಟೆಲಿನ ದೋಸೆಯಿಂದ ಹೋದ ಊರ ಮರ್ಯಾದೆ, ಮೂರು ಮಕ್ಕಳು ಓದು ಬಿಟ್ಟದ್ದರಿಂದ ಹೋಗಲಿಲ್ಲ. ಶರಣಮ್ಮ ಶಾಲೆಗೇ ಮೊದಲಿಗಳಾಗಿ ಪಾಸಾದಳು. ಆದರೆ ಫಲಿತಾಂಶ ಬರುವ ಹೊತ್ತಿಗೆ ಅವಳ ಮದುವೆ ಮುಗಿದು, ಅವಳು ಗಂಡನ ಮನೆಯಲ್ಲಿದ್ದಳು.

ಫಲಿತಾಂಶ ಬಂದ ವಾರಕ್ಕೆ ನಮ್ಮ ಮನೆಗೆ ಒಂದು ಲಕೋಟೆ ಬಂತು. ಜೇವರ್ಗಿ ಕಡೆಯ ಮುದ್ರೆ. ವಿಳಾಸ ಅವ್ವನ ಹೆಸರಿಗೆ! ಓದು ಬರದ ಅವ್ವನಿಗೆ ಜೀವಮಾನದಲ್ಲಿ ಬಂದ ಮೊದಲ ಟಪಾಲು ಅದು. ಒಡೆದು ಓದಿದೆ. ಒಳಗೆ ಕಾಲೇಜಿನ ಫಾರಂ ಇತ್ತು, ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಗುರುತು.

ಅಪ್ಪ ಉಂಡು ಕೈ ತೊಳೆದ ಮೇಲೆ ಅವ್ವ ಅದನ್ನು ಅವನ ಮುಂದಿಟ್ಟಳು.

“ಊರ ಮುಂದ ಸುಳ್ಳ ಹೇಳಿದ್ರಿ. ಪೆನ್ನು ಕೊಟ್ಟಾಕಿ ನಾನೇ ಇದ್ರೂ ಸುಮ್ಕಿದ್ದೆ,” ಅಂದಳು. “ಇವತ್ತ ಮಗಳ ಮುಂದ ಖರೇ ಆಗ್ರಿ.”

“ಅಧ್ಯಕ್ಷರು ನೀರ ಬಂದ್ ಮಾಡಿದ್ರ?”

“ಮಾಡ್ಲಿ. ಜ್ವಾಳ ಕಡಿಮಿ ಉಣ್ಣಮು.”

ಅಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ಸಹಿ ಮಾಡಿದ. ಈ ಸಲ ಬಾಲ ಎಳೆಯಲಿಲ್ಲ. ಅಧ್ಯಕ್ಷರು ನೀರು ನಿಲ್ಲಿಸಲೂ ಇಲ್ಲ. ಅದನ್ನು ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಆರು ಮಂದಿ ಗಂಡಸರು ಯಾವುದಕ್ಕೆ ಹೆದರಿ ಆಕೆಯ ಹೆಸರು ಕೆಡಿಸಿದರೋ, ಅದು ನಡೆಯಲೇ ಇಲ್ಲ.

ಆರರಲ್ಲಿ ಕಾಲೇಜಿಗೆ ಹೋದವಳು ನಾನೊಬ್ಬಳೇ. ಅಕ್ಕೋರಿಗೆ ಕಾಗದ ಬರೆದೆ. ಉತ್ತರ ಬಂತು. ನನ್ನ ಓದಿನ ಬಗ್ಗೆ ಎರಡು ಸಾಲು, ಉಳಿದದ್ದೆಲ್ಲ ಶರಣಮ್ಮನ ಬಗ್ಗೆ. ಅಂಕಪಟ್ಟಿ ಅವಳ ಕೈ ಸೇರಿತೇ, ಜೋಪಾನ ಇಟ್ಟುಕೊಳ್ಳಲು ಹೇಳು, ಖಾಸಗಿಯಾಗಿ ಕಟ್ಟಿದರೂ ಪಿ.ಯು.ಸಿ. ಮಾಡಬಹುದು… ನಾನು ಅದಕ್ಕೆ ಮರುತ್ತರ ಬರೆಯಲಿಲ್ಲ. ಶರಣಮ್ಮನ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ನಾಳೆ, ನಾಡಿದ್ದು ಅನ್ನುತ್ತ ಬಿ.ಎಸ್‌ಸಿ. ಮುಗಿಯಿತು, ನೌಕರಿ ಸಿಕ್ಕಿತು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಒಮ್ಮೆ ಜೇವರ್ಗಿಯಿಂದ ಬಸ್ಸು ಹಿಡಿದು ಆ ಶಾಲೆಗೆ ಹೋದೆ. ಅಲ್ಲಿಯ ಮಾಸ್ತರರು ಕುರ್ಚಿ ಎಳೆದು ಕೂರಿಸಿ, “ಅಕ್ಕೋರು ತೀರಕೊಂಡು ಎರಡು ವರ್ಷ ಆತ್ರಿ,” ಅಂದರು. ಕಾಯಿಲೆ ಏನೆಂದು ಕೇಳಿದೆ. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಕಳೆದ ವರ್ಷ ನಮ್ಮೂರಿನ ಹೈಸ್ಕೂಲಿನ ಸುವರ್ಣ ಮಹೋತ್ಸವ. ಊರಿನ ಮೊದಲ ಮಹಿಳಾ ಪದವೀಧರೆ ಎಂದು ನನಗೆ ಸನ್ಮಾನ. ವೇದಿಕೆಯ ಮೇಲೆ ತೀರಿಹೋದ ಅಧ್ಯಕ್ಷರ ದೊಡ್ಡ ಫೋಟೋ, ಅದರ ಕೆಳಗೆ ‘ಹೆಣ್ಣುಮಕ್ಕಳ ಶಿಕ್ಷಣದ ಹರಿಕಾರರು’. ಸೇವೆ ಸಲ್ಲಿಸಿದ ಶಿಕ್ಷಕರ ಹೆಸರುಗಳನ್ನು ಬರೆದ ಫಲಕದಲ್ಲಿ ಅಕ್ಕೋರ ಹೆಸರಿಲ್ಲ. ಕೇಳಿದ್ದಕ್ಕೆ, ಎರಡು ವರ್ಷಕ್ಕಿಂತ ಕಡಿಮೆ ಇದ್ದವರನ್ನು ಬಿಟ್ಟಿದ್ದೇವೆ ಮೇಡಮ್ ಅಂದರು.

ಬಿಟ್ಟದ್ದಲ್ಲ, ಓಡಿಸಿದ್ದು. ನನ್ನ ಸರದಿ ಬಂದಾಗ ಹಾಗೆಯೇ ಹೇಳಿದೆ. ಸಹಿ ಹೇಳಿದೆ, ಸಭೆ ಹೇಳಿದೆ, ನಮ್ಮಪ್ಪನ ಸುಳ್ಳು ಹೇಳಿದೆ, ಆಕೆಯ ಹೆಸರನ್ನು ಮೂರು ಸಲ ಹೇಳಿದೆ. ನಡುವೆ ಯಾರೋ ಮೈಕು ಬಂದ್ ಮಾಡಿದರು. ಮೈಕಿಲ್ಲದೆ ಮುಗಿಸಿದೆ.

ಇಳಿದು ಬಂದಾಗ ಹೆಂಗಸರ ಸಾಲಿನಿಂದ ಶರಣಮ್ಮ ಎದ್ದು ಬಂದಳು. ತವರಿಗೆಂದು ಬಂದಿದ್ದಳಂತೆ. ನನ್ನ ಕೈ ಹಿಡಿದಳು.

“ಚಲೋ ಹೇಳಿದಿ,” ಅಂದಳು. ಕೈ ಬಿಡದೆ, “ಜರಾ ಮುಂಚೆ ಹೇಳಬೇಕಿತ್ತು,” ಅಂದಳು.

ಫಲಕದಲ್ಲಿ ಹೆಸರು ಸೇರಿಸಿ ಎಂದು ಶಾಲೆಗೆ ಎರಡು ಸಲ ಬರೆದಿದ್ದೇನೆ. ಜವಾಬು ಬಂದಿಲ್ಲ. ಮೂರನೆಯ ಸಲವೂ ಬರೆಯುತ್ತೇನೆ, ಸೇರಿಸುವ ತನಕ ಬಿಡುವುದಿಲ್ಲ. ಆದರೆ ನಾನು ಬರೆಯಬೇಕಾಗಿದ್ದ ಕಾಗದ ಅದಲ್ಲ… ಬರೆಯಬೇಕಾಗಿದ್ದದ್ದನ್ನು ಕಳಿಸಲು ಈಗ ವಿಳಾಸವಿಲ್ಲ.