ವಿನೋದಕ್ಕ ಹಾಕಿದ ಹತ್ತನೆಯ ಸೂಜಿ

ಬೆಳಗಿನ ಐದೂಕಾಲು. ಕಡಲ ತೀರದ ಹೂಡೆಯ ಪುಟ್ಟ ಹೆಂಚಿನ ಮನೆಯಲ್ಲಿ ವಿನೋದಾ ಸೋಪು ಹಾಕಿ ಮೂರನೆಯ ಸಲ ಕೈ ತೊಳೆಯುತ್ತಿದ್ದಾರೆ. ಗಂಡ ಭುಜಂಗ ಮಂಚದ ಮೇಲೆ ಅಂಗಿ ಎತ್ತಿ ಮಲಗಿದ್ದಾರೆ. ಹೊಕ್ಕುಳಿಂದ ನಾಲ್ಕು ಬೆರಳು ಆಚೆ ಸ್ಪಿರಿಟ್ ಹತ್ತಿಯಿಂದ ಒರೆಸಿ, ಚರ್ಮ ಚಿವುಟಿ ಹಿಡಿದು ವಿನೋದಾ ಸೂಜಿ ಇಳಿಸುತ್ತಾರೆ.

"ಹಾಕಿದಿಯಾ?" ಎನ್ನುತ್ತಾರೆ ಭುಜಂಗ.

"ಆಗಲೇ ಆಯ್ತು ಮಾರಾಯ್ರೆ. ಕಣ್ಣು ಬಿಡಿ."

ಇದು ಅವರು ಹಾಕಿದ ಹತ್ತನೆಯ ಸೂಜಿ. ಇನ್ನು ಅರ್ಧ ಗಂಟೆಯಲ್ಲಿ ಮಲ್ಪೆ ಬಂದರಿನಲ್ಲಿ ಮೀನಿನ ಏಲಕ್ಕೆ ನಿಲ್ಲಬೇಕು, ಎಂಟಕ್ಕೆ ಬುಟ್ಟಿಯೊಂದಿಗೆ ಮಾರಲು ಹಿರಿಯಡ್ಕ ಸೇರಬೇಕು. ಇಪ್ಪತ್ತಾರು ವರ್ಷಗಳಿಂದ ಇದೇ ದಾರಿ.

ಬೋಟಿನಲ್ಲಿ ದುಡಿಯುತ್ತಿದ್ದ ಭುಜಂಗ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಕಳೆದ ವರ್ಷ. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಪ್ರತಿ ಕಿಮೊ ಆದ ಮೇಲೆ ಬಿಳಿ ರಕ್ತಕಣ ಏರಿಸಲು ಐದು ದಿನ ಇಂಜೆಕ್ಷನ್ ಬೇಕು. ಕಣ ಏರದಿದ್ದರೆ ಮುಂದಿನ ಕಿಮೊ ಇಲ್ಲ. ಮೊದಲ ಸುತ್ತಿನಲ್ಲಿ ವಾಂತಿ ಮಾಡುತ್ತಿದ್ದ ಗಂಡನನ್ನು ಎರಡು ಬಸ್ಸು ಹತ್ತಿಸಿ ದಿನಾ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಹತ್ತಿರದ ಕ್ಲಿನಿಕ್ಕಿನವರು, "ಕ್ಯಾನ್ಸರಿನ ಮದ್ದು, ನಮಗೆ ರಿಸ್ಕ್ ಬೇಡ" ಎಂದು ಬಾಗಿಲಲ್ಲೇ ಸಾಗಹಾಕಿದರು. ಚರ್ಮಕ್ಕೆ ಚುಚ್ಚುವ ಒಂದು ಸೂಜಿ! ಓದಿದವರಿಗೆ ರಿಸ್ಕಂತೆ, ಮೀನು ಮಾರುವ ಹೆಂಗಸಿಗೆ ಅಲ್ಲವಂತೆ.

ಕೊನೆಗೆ ಎರಡನೆಯ ಸುತ್ತಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತುಕೊಂಡೇ ನರ್ಸ್ ಒಬ್ಬರು ವಿನೋದಾರಿಗೆ ಸೂಜಿ ಹಾಕುವುದನ್ನು ಎರಡು ನಿಮಿಷದಲ್ಲಿ ಕಲಿಸಿದರು. ಇಂಗ್ಲಿಷಿನ ಚೀಟಿಯೊಂದನ್ನು ಕೈಗಿತ್ತು, "ತಂಪಲ್ಲಿಡಿ" ಎಂದರು. ಕರೆಂಟು ಹೋಗಿಬರುವ ಮನೆಯ ಹಳೇ ಫ್ರಿಜ್ಜನ್ನು ವಿನೋದಾ ನಂಬಲಿಲ್ಲ.

"ತಂಪು ಮಾಡುವುದು ನಮಗೆ ಯಾರಾದರೂ ಕಲಿಸಬೇಕಾ? ಥರ್ಮಕೋಲ್ ಪೆಟ್ಟಿಗೆಗೆ ಐಸ್ ಹಾಕಿ, ತಂಪು ಇನ್ನೂ ಹೆಚ್ಚಲಿ ಅಂತ ಉಪ್ಪು ಬೆರೆಸಿ, ನಡುವೆ ಮದ್ದು ಇಟ್ಟೆ. ದುಬಾರಿ ಅಂಜಲ್ ಮೀನನ್ನೂ ಅಷ್ಟು ಜಾಗ್ರತೆಯಲ್ಲಿ ಇಟ್ಟವಳಲ್ಲ."

ಉಪ್ಪು ಬೆರೆತ ಐಸಿನಲ್ಲಿ ಮದ್ದು ಹೆಪ್ಪುಗಟ್ಟಿ ಕೆಟ್ಟಿತು. ಐದೂ ದಿನ ಅದನ್ನೇ ಕರಗಿಸಿ ಹಾಕಿದರು. ಕಣ ಏರಲಿಲ್ಲ. ಜ್ವರ ಬಂದು ಭುಜಂಗ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರು, ಕಿಮೊ ಎರಡು ವಾರ ಮುಂದೆ ಹೋಯಿತು. ರಿಪೋರ್ಟ್ ನೋಡಿದ ಡಾಕ್ಟರು, "ನೀವು ಇಂಜೆಕ್ಷನ್ ಕೊಟ್ಟೇ ಇಲ್ಲ, ಸುಳ್ಳು ಹೇಳಬೇಡಿ" ಎಂದು ವಾರ್ಡಿನವರೆಲ್ಲ ಕೇಳುವಂತೆ ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಂಜುಗಟ್ಟಬಾರದು ಎಂಬ ಒಂದು ಮಾತು ಕನ್ನಡದಲ್ಲಿ ಹೇಳಲು ಯಾರ ನಾಲಗೆ ಸವೆಯುತ್ತಿತ್ತು? ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ತಪ್ಪು ಎಲ್ಲೆಂದು ಹಿಡಿದವರು ನೆರೆಮನೆಯ ನಿವೃತ್ತ ನರ್ಸ್ ಸೆಲೀನ್ ಬಾಯಿ. ಮೂರನೆಯ ಸುತ್ತಿನ ಮದ್ದನ್ನು ಇಟ್ಟದ್ದು ಅವರ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ. ಸೂಜಿ ಹಿಡಿಯುವುದನ್ನೂ ಅವರೇ ಮತ್ತೊಮ್ಮೆ ಕಲಿಸಿದ್ದಾರೆ.

"ನಾನು ಕೊಟ್ಟ ಮೀನು ಹಾಳಾದರೆ ಗಿರಾಕಿ ನನ್ನನ್ನೇ ಕೇಳುತ್ತಾರೆ, ಸರಿ" ಎನ್ನುತ್ತಾರೆ ವಿನೋದಾ. "ಮದ್ದು ಹಾಳಾದರೂ ನನ್ನನ್ನೇ ಕೇಳುವುದಾ? ಹಾಗಾದರೆ ಅವರನ್ನು ಕೇಳುವವರು ಯಾರು?"

ಹತ್ತನೆಯ ಸೂಜಿಯ ನಂತರದ ಸೋಮವಾರ ರಕ್ತಪರೀಕ್ಷೆ ಇತ್ತು. ಮಧ್ಯಾಹ್ನ ವಿನೋದಾರಿಗೆ ಫೋನ್ ಮಾಡಿದೆ.

"ಕಣ ಏರಿ ಉಂಟು. ನಾಳೆಯೇ ಕಿಮೊ. ಡಾಕ್ಟರು ಖುಷಿಯಲ್ಲಿ, ಈ ಸಲ ಯಾವ ಆಸ್ಪತ್ರೆಯಲ್ಲಿ ಹಾಕಿಸಿದ್ದು ಅಂತ ಕೇಳಿದರು."

"ನೀವು ಎಂತ ಹೇಳಿದಿರಿ?"

"ನಮ್ಮ ಮನೆಯಲ್ಲಿ, ಹಾಕಿದ್ದು ನಾನು ಅಂದೆ. ಹೋದ ಸಲವೂ ನಾನೇ ಹಾಕಿದ್ದು, ನೀವು ನಂಬಲಿಲ್ಲ ಅಂತಲೂ ಹೇಳಿ ಬಂದೆ."